ನೋಡ್ಕೋತೀವಿ ಬಿಡಿ

ಅಯ್ಯೋ, ಒಂದು ಸಹಿಗೆ ಇಷ್ಟು ಹೊತ್ತೇನೇ? ನಿನ್ನನ್ನೇನು ಮದುವೆಗೆ ಒಪ್ಪಿಗೆ ಕೇಳ್ತಿದ್ದೀನಾ ನಾನು? ಓದಿದ್ದಾಯ್ತಲ್ಲ... ಎರಡು ಸಲ ಓದಿದೆ, ನಾನು ನೋಡ್ತಾನೇ ಇದ್ದೆ. ಅದೇನು ಮಹಾಕಾವ್ಯವಾ ಮೂರನೇ ಸಲ ಓದೋಕೆ? ಐದು ಸಾಲು, ಕೆಳಗೊಂದು ಗೀಟು. ಗೀಟಿನ ಮೇಲೆ ನಿನ್ನ ಹೆಸರು. ಮೂರು ಗಂಟೆಗೆ ಮಂತ್ರಿಗಳ ಆಪ್ತ ಕಾರ್ಯದರ್ಶಿ ಜವಾನನ್ನ ಕಳಿಸ್ತಾರೆ, ಅವನ ಕೈಗೆ ಕೊಟ್ಟುಬಿಟ್ರೆ ನಮ್ಮ ಕೆಲಸ ಮುಗೀತು.

ಬಾಗಿಲು ಹಾಕಿದೆ ನೋಡು. ಈಗ ಈ ಕೋಣೆಯಲ್ಲಿ ಮುಖ್ಯ ಭಾಷಾಂತರಕಾರನೂ ಇಲ್ಲ, ಮೂರು ವರ್ಷದ ಕಿರಿಯ ಭಾಷಾಂತರಕಾರ್ತಿಯೂ ಇಲ್ಲ. ನಾನು ನಿನ್ನ ಮಾವ, ನೀನು ನನ್ನ ಅಕ್ಕನ ಮಗಳು. ಮನಸ್ಸಿನಲ್ಲಿ ಏನಿದೆಯೋ ಬಾಯಿಬಿಟ್ಟು ಹೇಳು... ಬೈಯಿ ಬೇಕಾದ್ರೆ! ಸಾರ್ ಅನ್ಬೇಡ, ಮಾವಾ ಅಂತಲೇ ಬೈಯಿ.

ಹೂಂ. ಇಲ್ಲ. ಬಾಯಿಗೆ ಬೀಗ.

ಯಾಕೆ, ನಕ್ಕೆ? ತುಟಿ ಅಲ್ಲಾಡ್ತು ಈಗ, ನಾನು ನೋಡಿದೆ. ಬೀಗ ಅಂದಿದ್ದಕ್ಕಾ? ಸರಿ ಮಾರಾಯ್ತಿ, ತಪ್ಪು ಪದ ಬಂತು. ಎರಡು ತಿಂಗಳಿಂದ ಯಾರು ಬಾಯಿ ತೆಗೆದ್ರೂ ಬೀಗದ್ದೇ ಮಾತು. ಬೀಗದ ಮೇಲೆ ಸುಂಕ, ಬೀಗದ ಕೈ ಮೇಲೆ ಸುಂಕ, ಬಾಗಿಲ ಚಿಲಕದ ಮೇಲೂ ಸುಂಕ. ನಿಮ್ಮಪ್ಪ... ಭಾವ ಹೇಗಿದ್ದಾರೆ? ಬೀಗದ ಫ್ಯಾಕ್ಟರಿಗೇ ಬೀಗ ಬಿತ್ತು ನೋಡು, ಎಂಥಾ ವಿಪರೀತ. ಮುನ್ನೂರು ಜನ ಮನೆಯಲ್ಲಿ ಕೂತ್ರಲ್ಲ. ಪಾಪ, ಇಪ್ಪತ್ತಾರು ವರ್ಷ ಫೋರ್‌ಮನ್ ಆಗಿದ್ದವರು. ಒಂದು ಬೀಗ ಕಿವಿಗೆ ಹಿಡ್ಕೊಂಡು ಅಲ್ಲಾಡಿಸಿ, ಒಳಗಿನ ಸ್ಪ್ರಿಂಗು ಸರಿಯಾಗಿ ಕೂತಿದೆಯೋ ಇಲ್ವೋ ಹೇಳೋರು. ಅಂಥವರು ಈಗ ಟೀವಿ ಮುಂದೆ ಕೂತು ಚಾನೆಲ್ ಬದಲಾಯಿಸ್ತಾರೆ ಅಂತ ಅಕ್ಕ ಫೋನಿನಲ್ಲಿ ಅತ್ತಳು.

ಅದಕ್ಕೇ ಹೇಳ್ತಿರೋದು ನಾನು! ಈ ಕಾಗದಕ್ಕೆ ನೀನು ಸಹಿ ಹಾಕಿದ್ರೆ ಸುಂಕ ಇಳಿಯುತ್ತೆ. ಸುಂಕ ಇಳಿದ್ರೆ ಫ್ಯಾಕ್ಟರಿ ತೆಗೀತಾರೆ. ನಿಮ್ಮಪ್ಪನಿಗೋಸ್ಕರ ಆದ್ರೂ... ಇಲ್ಲ, ಇಲ್ಲ, ಹಾಗೆ ನೋಡ್ಬೇಡ. ಅಪ್ಪನ ಹೆಸರು ಹೇಳಿ ಹೆದರಿಸ್ತಿಲ್ಲ ನಾನು. ದೇಶದ ವಿಷಯ ಹೇಳ್ತೀನಿ, ಕೇಳು.

ನೀನು ಸೇರಿದ್ದು ಈಗ, ಒಳ್ಳೇ ಕಾಲದಲ್ಲಿ. ನಾನು ಸೇರಿದಾಗ ಹೇಗಿತ್ತು ಗೊತ್ತಾ? ಯಾವ ಸಭೆಗೆ ಹೋಗ್ಲಿ, ನಮ್ಮ ದೇಶದ ಕುರ್ಚಿ ಕಂಬದ ಹಿಂದೆ! ಮಾತಾಡೋ ಸರದಿ ಊಟದ ಗಂಟೆ ಹೊಡೆದ ಮೇಲೆ. ನಮ್ಮವರು ಭಾಷಣ ಮಾಡ್ತಾ ಇದ್ರೆ ಎದುರಿನವರು ಪಾತ್ರೆ ಸದ್ದು ಕೇಳಿಸ್ಕೊಂಡು ಎದ್ದು ಹೋಗೋರು, ನಾನು ಖಾಲಿ ಕುರ್ಚಿಗಳಿಗೆ ಭಾಷಾಂತರ ಮಾಡ್ತಿದ್ದೆ. ಈಗ? ಮೊದಲನೇ ಸಾಲು. ಫೋಟೋದಲ್ಲಿ ಎಡಗಡೆಯಿಂದ ಎರಡನೆಯವರು ನಾವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ! ದೊಡ್ಡವರು ಜಗಳ ಆಡಿದ್ರೆ ಇಬ್ಬರೂ ನಮ್ಮನ್ನ ಪಕ್ಕಕ್ಕೆ ಕರೀತಾರೆ. ನಾವೇನು ಹೇಳ್ತೀವಿ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಹೇಳಿ ಇಬ್ಬರ ಹತ್ರಾನೂ ಕಾಫಿ ಕುಡಿದು ಬರ್ತೀವಿ. ಅದಕ್ಕೆ ಪೇಪರಿನವರು 'ಸ್ವತಂತ್ರ ವಿದೇಶಾಂಗ ನೀತಿ' ಅಂತಾರೆ. ದೀಪ ಇಡೋನು ಮಂತ್ರಿ. ಆ ಗೋಡೆ ಕಟ್ಟೋರು ಯಾರು? ನಾನು, ನೀನು.

ಆದ್ರೆ ಈಗ ಸುಂಕ ಹಾಕಿರೋ ಆ ದೇಶದ ಜೊತೆ ಹಾಗಲ್ಲ. ಅವರು ನಮಗೆ ಬೀಗರಿದ್ದ ಹಾಗೆ ಕಣೇ. ಮುಖ ಕಂಡ್ರೆ ಆಗಲ್ಲ, ಬಿಡೋಕೂ ಆಗಲ್ಲ. ನಮ್ಮ ಬೀಗ ಎಲ್ಲಾ ಹೋಗೋದು ಅವರ ಮನೆಬಾಗಿಲಿಗೆ, ಅವರ ಯಂತ್ರ ಎಲ್ಲಾ ಬರೋದು ನಮ್ಮ ಬಂದರಿಗೆ. ಅವರು ಬೀಗ್ತಾರೆ, ನಾವೂ ಬೀಗ್ತೀವಿ. ಬೀಗರು ಬೀಗೋದು, ಮಧ್ಯದಲ್ಲಿ ಬೀಗ... ಹ್ಹ! ಇದನ್ನ ಅವರ ಭಾಷೆಗೆ ಮಾಡು ನೋಡೋಣ! ಆಗಲ್ಲ. ಮೂರು ಪದಕ್ಕೆ ಮೂರು ಪುಟ ಅಡಿಟಿಪ್ಪಣಿ ಬೇಕು.

ನಗಲ್ವಾ? ಮುಂಚೆ ನಗ್ತಿದ್ದೆ ಇಂಥದ್ದಕ್ಕೆ.

ಸರಿ. ಆ ದಿನಕ್ಕೇ ಬರ್ತೀನಿ. ನಾವಿಬ್ಬರೂ ಭಾಷಾಂತರಕಾರರ ಗಾಜಿನ ಪೆಟ್ಟಿಗೆ ಒಳಗೆ, ಮೈಕ್ ಮುಂದೆ, ಭುಜಕ್ಕೆ ಭುಜ. ಕೆಳಗೆ ಉದ್ದನೆ ಮೇಜು, ಈ ಕಡೆ ನಮ್ಮವರು, ಆ ಕಡೆ ಅವರು. ಅವರ ನಾಯಕ ಕೇಳ್ತಾನೆ: 'ನಮ್ಮ ಯಂತ್ರಗಳು ನಿಮ್ಮ ಬಂದರಿನಲ್ಲಿ ಇಪ್ಪತ್ತು ದಿನ ತಪಾಸಣೆಗೆ ಅಂತ ಬಿದ್ದಿರುತ್ತವೆ, ಏನು ಮಾಡ್ತೀರಿ?' ನಮ್ಮ ಮಂತ್ರಿ ಬಾಯಲ್ಲಿ ಗೋಡಂಬಿ. ಬೆಳಗ್ಗೆಯಿಂದ ಮೂರನೇ ತಟ್ಟೆ. ಅದನ್ನ ಅಗೀತಾ ಅಗೀತಾ ಅಂದ್ರು: 'ನೋಡ್ಕೋತೀವಿ ಬಿಡಿ.'

ಅಷ್ಟೇ. ನೋಡ್ಕೋತೀವಿ ಬಿಡಿ. ಏನದರ ಅರ್ಥ? ಮಗು ಅತ್ರೆ 'ನೀನು ಅಡಿಗೆ ಮಾಡು, ನಾನು ನೋಡ್ಕೋತೀನಿ' ಅಂತೀವಿ. ಬೀದಿಯಲ್ಲಿ ಕಾಲರ್ ಹಿಡಿದಾಗ್ಲೂ 'ಬಾರೋ, ನಿನ್ನ ಒಂದು ಕೈ ನೋಡ್ಕೋತೀನಿ' ಅಂತೀವಿ. ಒಂದೇ ಪದ! ಒಂದ್ರಲ್ಲಿ ತೊಟ್ಟಿಲು, ಇನ್ನೊಂದ್ರಲ್ಲಿ ದೊಣ್ಣೆ. ಮಂತ್ರಿಗಳು ತೊಟ್ಟಿಲು ತೂಗಿದ್ರು, ಅವರ ಕಿವಿಗೆ ದೊಣ್ಣೆ ಹೋಯ್ತು. ಆ ಕಡೆಯವರು ಪೆನ್ನಿನ ಮುಚ್ಚಳ ಹಾಕಿದ್ರು. ಒಬ್ಬೊಬ್ರಾಗಿ, ಟಕ್ ಟಕ್ ಟಕ್. ಎದ್ದು ಹೋದ್ರು. ನಮ್ಮ ಮಂತ್ರಿ ಗೋಡಂಬಿ ನುಂಗಿ ಕೇಳಿದ್ರು, 'ಯಾಕ್ರಯ್ಯಾ, ಊಟದ ಹೊತ್ತಾಯ್ತಾ?'

ಮುಂದಿನದು ನಿನಗೆ ಗೊತ್ತಲ್ಲ. ಸಂಜೆ ಹೊತ್ತಿಗೆ ಅವರ ದೇಶದ ಟೀವಿಯಲ್ಲಿ 'ಬೆದರಿಕೆ ಹಾಕಿದ್ರು' ಅಂತ ಬಂತು, ಮಾರನೇ ದಿನ ನಮ್ಮ ದೇಶದಲ್ಲಿ ಮಂತ್ರಿಗೆ ಹಾರ! 'ಎಂಥಾ ಗಂಡೆದೆ! ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ರು!' ಲಾರಿಗಳ ಹಿಂದೆ 'ನೋಡ್ಕೋತೀವಿ'. ಅಂಗಿಗಳ ಮೇಲೆ 'ನೋಡ್ಕೋತೀವಿ'. ನನ್ನ ಕ್ಷೌರಿಕ ಕೂಡ ಕತ್ತಿ ಮಸೀತಾ 'ನೋಡ್ಕೋತೀವಿ ಸಾರ್' ಅಂದ, ಕುತ್ತಿಗೆ ಮುಟ್ಟಿ ನೋಡ್ಕೊಂಡೆ. ಮಂತ್ರಿಗಳು ನನ್ನ ಕರೆದು ಮೆಲ್ಲಗೆ ಕೇಳಿದ್ರು, 'ಏನಯ್ಯಾ, ನಾನು ಅಷ್ಟು ಗಟ್ಟಿಯಾಗಿ ಹೇಳಿದ್ನಾ?' ನಾನು ಅಂದೆ, 'ಹೇಳಿದ್ರಿ ಸಾರ್.' 'ಭೇಷ್!' ಅಂದು ಕನ್ನಡಿ ಕಡೆ ತಿರುಗಿದ್ರು. ಈಗ ಪ್ರೊಫೆಸರುಗಳು 'ನೋಡ್ಕೋತೀವಿ ನೀತಿ' ಅಂತ ಎರಡು ದಿನದ ವಿಚಾರ ಸಂಕಿರಣ ಇಟ್ಕೊಂಡಿದ್ದಾರೆ. ಒಬ್ಬನಂತೂ ಅದರಲ್ಲಿ ನಾಲ್ಕು ಹಂತ ಕಂಡುಹಿಡಿದಿದ್ದಾನೆ! ನೋಡೋದು, ನೋಡ್ತಾ ಇರೋದು, ನೋಡೋಣ ಅನ್ನೋದು, ಕೊನೆಗೆ ನೋಡ್ಕೊಳ್ಳೋದು.

ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ. ಮೀಸೆ ಏನೋ ಸರಿ. ಆದ್ರೆ ನೂರಕ್ಕೆ ಐವತ್ತು ಸುಂಕ ಹಾಕಿದ್ರಲ್ಲ ಅವರು, ಬೀಗದವರು ಬೀದಿಗೆ ಬಂದ್ರು. ಈಗ ಹಾರ ಹಾಕಿದ ಕೈಗಳೇ ಕಲ್ಲು ಹುಡುಕ್ತಾ ಇವೆ. ಅದಕ್ಕೇ ಒಳಗೊಳಗೇ ಮಾತಾಗಿದೆ. ಅವರಿಗೂ ನಮ್ಮ ಬೀಗ ಬೇಕು, ಬಾಗಿಲು ತೆರೆದಿಟ್ಟು ಮಲಗೋಕಾಗುತ್ತಾ? ಅವರು ಕೇಳಿದ್ದು ಇಷ್ಟೇ: 'ಅದು ಭಾಷಾಂತರದ ತಪ್ಪು ಅಂತ, ತಪ್ಪು ಮಾಡಿದವರ ಸಹಿ ಸಮೇತ ಒಂದು ಕಾಗದ ಕೊಡಿ. ಸುಂಕ ಇಳಿಸ್ತೀವಿ.' ಮಂತ್ರಿಗಳು ಹೇಳಿದ್ದು: 'ಕೊಡೋಣ, ಆದ್ರೆ ಇಲ್ಲಿ ಯಾರಿಗೂ ಗೊತ್ತಾಗ್ಬಾರದು.' ಹಾಗಾಗಿ ಅಲ್ಲಿ ಮಂತ್ರಿಗಳು ಹಾಗೆ ಹೇಳೇ ಇಲ್ಲ. ಇಲ್ಲಿ ಹೇಳೇ ಹೇಳಿದ್ದಾರೆ. ಎರಡೂ ಕಡೆ ನಮ್ಮದೇ ಗೆಲುವು!

ನಿನಗೇನೂ ಆಗಲ್ಲ. ಗಾಜಿನ ಪೆಟ್ಟಿಗೆಗೆ ಮಾತ್ರ ಇನ್ನು ಸೇರಿಸಲ್ಲ... ಎಲ್ಲೂ ಸೇರಿಸಲ್ಲ, ನಿಜ. ಅವರ ಕಪ್ಪುಪಟ್ಟಿಯಲ್ಲಿ ಹೆಸರು ಬಂದ್ಮೇಲೆ ಯಾವ ದೇಶದ ಸಭೆಗೂ ಕರಿಯಲ್ಲ. ಕೆಳಗೆ ಹಳೇ ಕಡತದ ವಿಭಾಗ ಇದೆಯಲ್ಲ, ತಣ್ಣಗಿರುತ್ತೆ, ಸಂಬಳ ಅಷ್ಟೇ. ಕಿಟಕಿ ಒಂದಿಲ್ಲ ಅನ್ನೋದು ಬಿಟ್ರೆ... ಯಾಕೆ ಹಾಗೆ ಕೈ ಮುಷ್ಟಿ ಹಿಡಿದಿದ್ದೀಯಾ? ಗೊತ್ತು ಕಣೇ. ಆರು ವರ್ಷದ ಹುಡುಗಿಯಾಗಿದ್ದಾಗಿಂದ ನನ್ನ ಹಿಂದೆ ಬಿದ್ದು ಆ ಭಾಷೆ ಕಲಿತೋಳು ನೀನು. ಅಡಿಗೆಮನೆ ಕಟ್ಟೆ ಮೇಲೆ ಕೂತು ಸೌಟು ಹಿಡ್ಕೊಂಡು, ಅಮ್ಮ ಬೈದಿದ್ದನ್ನೆಲ್ಲ ಅವರ ಭಾಷೆಗೆ ಮಾಡಿ ನನಗೆ ಒಪ್ಪಿಸ್ತಿದ್ದೆ. ನಿನ್ನಷ್ಟು ಚೆನ್ನಾಗಿ ಈ ಕೆಲಸ ಮಾಡೋರನ್ನ ನಾನು ನೋಡಿಲ್ಲ. ಇದನ್ನ ಮುಖಸ್ತುತಿಗೆ ಹೇಳ್ತಿಲ್ಲ.

ಆದ್ರೆ ಆ ದಿನದ ಸರದಿ ಪಟ್ಟಿಯಲ್ಲಿರೋದು ನಿನ್ನ ಹೆಸರಲ್ವಾ? ಹನ್ನೊಂದರಿಂದ ಹನ್ನೊಂದೂವರೆ, ಮೈಕ್ ಸರದಿ ನಿನ್ನದು. ಕಾಗದದಲ್ಲಿ ಇರೋದು ಕಾಗದದಲ್ಲಿ ಇದೆ. ನಿನಗೆ ಅನುಭವ ಸಾಲದು, ತಬ್ಬಿಬ್ಬಾದೆ, ಬಾಯಿ ತಪ್ಪಿತು. ಮನುಷ್ಯರಿಗೆ ಆಗೋದೇ. ನಿಮ್ಮಪ್ಪನಿಗೂ ನಾನು ಹಾಗೇ ಹೇಳಿದ್ದು. 'ಬೇಜಾರು ಮಾಡ್ಕೋಬೇಡಿ ಭಾವಾ, ಹುಡುಗಿ, ಬೇಕಂತ ಮಾಡಿದ್ದಲ್ಲ'...

ಹೌದು, ನಾನೇ ಹೇಳಿದ್ದು. ಅಕ್ಕ ಹೇಳ್ಲಿಲ್ವಾ ನಿನಗೆ?

ಓ... ಅಪ್ಪ ಹದಿನೈದು ದಿನದಿಂದ ನಿನ್ನ ಜೊತೆ ಮಾತಾಡಿಲ್ಲ ಅಂತ ಅಕ್ಕ ಅಂದಳು. ತಟ್ಟೆ ಎತ್ಕೊಂಡು ಬೇರೆ ಕೋಣೆಗೆ ಹೋಗ್ತಾರಂತೆ. ಅದಕ್ಕೆ ಕಾರಣ... ಅಲ್ಲ ಕಣೇ, ಭಾವ ಕೇಳಿದ್ರು! 'ನೀವಿಬ್ರೂ ಅಲ್ಲೇ ಇದ್ರಲ್ಲ, ಅವರ ಭಾಷೆಯಲ್ಲಿ ಯಾರು ಹಾಗಂದಿದ್ದು' ಅಂತ ಮುಖ ನೋಡಿ ಕೇಳಿದ್ರು. ನಾನೇನು ಹೇಳ್ಬೇಕಿತ್ತು? ಇಲಾಖೆ ಏನು ಹೇಳುತ್ತೋ ಅದನ್ನ ಹೇಳ್ದೆ. ಇಲಾಖೆ ಮಾತೇ ನನ್ನ ಮಾತು, ಮೂವತ್ತೊಂದು ವರ್ಷದಿಂದ.

ಏನಾದ್ರೂ ಅನ್ನು. 'ಸುಳ್ಳು' ಅನ್ನು! ಮೌನಂ ಸಮ್ಮತಿ ಲಕ್ಷಣ ಅಂತಾರೆ, ಹಾಗಂತ ತಿಳ್ಕೊಳ್ಲಾ? ತಿಳ್ಕೊಂಡೆ. ಒಪ್ಪಿಕೊಂಡೆ ನೀನು. ಹಾಕು ಸಹಿ. ರೆಕಾರ್ಡಿಂಗ್ ಅಂತೀಯಾ, ಆ ದಿನದ್ದು ಸಿಗ್ತಾ ಇಲ್ಲ. ಅವರ ಕಿವಿಯಲ್ಲಿ ಗಂಡಸಿನ ದನಿ ಕೇಳಿತ್ತು ಅಂದ್ರೂ ಅವರಿಗೆ ಅದೆಲ್ಲ ಬೇಕಾಗಿಲ್ಲ, ಅವರಿಗೆ ಬೇಕಾಗಿರೋದು ಕಾಗದ...

ಗಂಡಸಿನ ದನಿ ಅಂತ ನೀನು ಅಂದ್ಯಾ ಈಗ?

ಇಲ್ಲ. ನೀನು ಏನೂ ಅನ್ಲಿಲ್ಲ. ನಾನೇ ಅಂದಿದ್ದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ... ಇಲ್ಲಿ ಕಳ್ಳ ಅಂತ ಯಾರೂ ಅನ್ನೋಕೆ ಮುಂಚೆನೇ ಮುಟ್ಕೊಂಡೆ ನೋಡು.

ಸರಿ, ಆಯ್ತು! ನಾನೇ ಹೇಳಿದ್ದು! ನಿನಗೆ ಗೊತ್ತಿಲ್ವಾ? ಪಕ್ಕದಲ್ಲೇ ಕೂತಿದ್ದೆ. ನೀನು ಬಾಯಿ ತೆಗೆದೆ, ನಾನು ನಿನ್ನ ಸ್ವಿಚ್ಚು ಆರಿಸಿ ನನ್ನದು ಒತ್ತಿದೆ. ನೀನು ತಡ ಮಾಡಿದೆ ಅನ್ನಿಸ್ತು, ಮಧ್ಯೆ ಬಂದೆ, ಬಾಯಿ ತಪ್ಪಿತು. ಮೂವತ್ತೊಂದು ವರ್ಷದಲ್ಲಿ ಒಂದು ಸಲ ತಪ್ಪಬಾರದಾ? ಆರು ತಿಂಗಳಿದೆ ನಿವೃತ್ತಿಗೆ. ಹೋಗೋವಾಗ ಒಂದು ಪದಕ, ಒಂದು ಶಾಲು... ಇಡೀ ಜನ್ಮ ಗಾಜಿನ ಹಿಂದೆ ಕೂತೋನು, ಒಂದು ದಿನ ವೇದಿಕೆ ಮೇಲೆ ನಿಲ್ಲೋ ಆಸೆ ಇಟ್ಕೋಬಾರದಾ ನಾನು? ಬಾಯಿ ತಪ್ಪಿ ಆಡಿದ ಒಂದು ಮಾತಿಗೆ...

ಯಾಕೆ ತಲೆ ಅಲ್ಲಾಡಿಸ್ತೀಯಾ?

ಅದೇನದು... ನಿನ್ನ ಆ ದಿನದ ಪ್ಯಾಡಾ? ಇನ್ನೂ ಇಟ್ಕೊಂಡಿದ್ದೀಯಾ? ತೋರಿಸು. 'ಆ ವಿಷಯವನ್ನು ನಾವು ಸರಿಪಡಿಸುತ್ತೇವೆ, ನಿಶ್ಚಿಂತರಾಗಿರಿ.' ಅವರ ಭಾಷೆಯಲ್ಲಿ, ಎಷ್ಟು ಚಂದ ಬರೆದಿದ್ದೀಯಾ. ಹೌದು, ಓದಿದ್ದೆ. ಸ್ವಿಚ್ಚು ಒತ್ತೋಕೆ ಮುಂಚೆ ನಿನ್ನ ಪ್ಯಾಡಿನ ಮೇಲೆ ಈ ಸಾಲು ಓದಿದ್ದೆ ನಾನು. ನೀನು ನನ್ನ ಕಣ್ಣು ನೋಡಿದ್ದೆ ಅಲ್ವಾ, ಓದ್ತಾ ಇದ್ದಾಗ? ಅದಕ್ಕೇನಾ ಇಷ್ಟು ದಿನ ಒಂದು ಮಾತೂ ಆಡದೆ ಕೂತಿರೋದು? ನಾನೇ ಹೇಳ್ಲಿ ಅಂತ ಕಾಯ್ತಿದ್ದೀಯಾ?

ಬಾಯಿ ತಪ್ಪಲಿಲ್ಲ ಕಣೇ.

ಬಾಯಿ ತಪ್ಪಲಿಲ್ಲ. ಬೇಕಂತಲೇ ಹೇಳಿದೆ. ಆ ಬೆಳಗ್ಗೆ ಮೆಟ್ಟಿಲ ಹತ್ರ ನಿಂತಿದ್ದೆ, ಸೂಟು ಹಾಕ್ಕೊಂಡು, ಹೊಸ ಟೈ ಕಟ್ಕೊಂಡು. ಆ ಕಡೆಯ ನಾಯಕ ಬಂದ. ಹನ್ನೊಂದು ವರ್ಷದಿಂದ ಅವನ ಕಿವಿಯಲ್ಲಿ ನನ್ನ ದನಿ ಇದೆ. ಅವನ ಪ್ರತಿಯೊಂದು ಕೊಂಕು, ಪ್ರತಿಯೊಂದು 'ನಿಮ್ಮಂಥ ದೇಶಗಳು' ಅನ್ನೋ ಮಾತು, ನನ್ನ ಬಾಯಿಂದಲೇ ನಮ್ಮವರಿಗೆ ಬಂದಿದೆ. ನಾನು ನಕ್ಕೊಂಡು ಎರಡು ಹೆಜ್ಜೆ ಮುಂದೆ ಹೋದೆ, ನಮಸ್ಕಾರ ಹೇಳೋಣ ಅಂತ. ಅವನು ನನ್ನ ಮುಖ ನೋಡ್ಲಿಲ್ಲ. ಒದ್ದೆ ಛತ್ರಿ ಮಡಚಿ ನನ್ನ ಕೈಗಿಟ್ಟು ಒಳಗೆ ಹೋದ. ಹೊಸ ಪ್ಯಾಂಟಿನ ಮೇಲೆಲ್ಲ ನೀರು. ನಾನು ಅದನ್ನ ತಗೊಂಡು ಹೋಗಿ ಮೂಲೆಯಲ್ಲಿ ನಿಲ್ಲಿಸಿದೆ. ನಿಲ್ಲಿಸಿ, ನೀರು ಸೋರ್ಲಿ ಅಂತ ಬಿಚ್ಚಿ ಕೂಡ ಇಟ್ಟೆ! ಬುದ್ಧಿ ನೋಡು ನನ್ನದು.

ಅದಾದ್ಮೇಲೆ 'ನೋಡ್ಕೋತೀವಿ ಬಿಡಿ' ಬಂತು. ಅವನ ಕಿವಿ, ನನ್ನ ಬಾಯಿ. ಮಧ್ಯೆ ಒಂದು ಸ್ವಿಚ್ಚು. 'ನಿಮ್ಮನ್ನ ಒಂದು ಕೈ ನೋಡ್ಕೋತೀವಿ' ಅಂದೆ ನಾನು. ಎಷ್ಟು ಹಾಯಾಗಿತ್ತು ಗೊತ್ತಾ? ಅವನು ತಲೆ ಎತ್ತಿ ಗಾಜಿನ ಪೆಟ್ಟಿಗೆ ಕಡೆ ನೋಡ್ದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡ್ದ. ಪ್ರೊಫೆಸರುಗಳು ನಾಲ್ಕು ಹಂತ ಹುಡುಕ್ತಾರಲ್ಲ, 'ಉದಯಿಸುತ್ತಿರುವ ಶಕ್ತಿಯ ಹೊಸ ಆತ್ಮವಿಶ್ವಾಸ' ಅಂತೆಲ್ಲ ಬರೀತಾರಲ್ಲ... ಅದು ಒಂದು ಛತ್ರಿ ಕಣೇ. ಬರೀ ಒಂದು ಒದ್ದೆ ಛತ್ರಿ. ಅದಕ್ಕೆ ಮುನ್ನೂರು ಜನರ ಕೆಲಸ ಹೋಯ್ತು, ನಿಮ್ಮಪ್ಪ ಟೀವಿ ಮುಂದೆ ಕೂತ್ರು. ನೀನು... ನಿನ್ನನ್ನ ನಾನು...

ತಗೋ, ನೀರು ಕುಡಿ. ನನಗೇ ಬೇಕು ನೀರು.

ಏನು ಬರೀತಿದ್ದೀಯಾ? ಸಹಿ ಹಾಕ್ತಿದ್ದೀಯಾ? ಬೇಡ ಕಣೇ, ತಡಿ, ಒಂದು ನಿಮಿಷ ಯೋಚನೆ ಮಾಡೋಣ... ಅದು ಸಹಿ ಜಾಗ ಅಲ್ವಲ್ಲ. ಮೇಲೆ ಯಾಕೆ ಗೀಚಿದೆ? ಕೊಡಿಲ್ಲಿ. 'ಸದರಿ ಸಭೆಯಲ್ಲಿ ಸಂಭವಿಸಿದ ಪ್ರಮಾದಕ್ಕೆ ನನ್ನ ಅನನುಭವವೇ'... 'ಅನನುಭವವೇ' ಹೊಡೆದು ಹಾಕಿದ್ದೀಯಾ. 'ನನ್ನ ಸೋದರಮಾವನೇ ಕಾರಣವೆಂದು ಈ ಮೂಲಕ ತಿಳಿಸುತ್ತೇನೆ.' ಕೆಳಗೆ ಸಹಿ. ದಿನಾಂಕ ಸಮೇತ.

ಒಂದೇ ಪದ ಬದಲಾಯಿಸಿದ್ದೀಯಾ. ಉಳಿದಿದ್ದೆಲ್ಲ ನಂದೇ ವಾಕ್ಯ.

ಆದ್ರೆ ದಡ್ಡಿ ನೀನು! ಇದನ್ನ ಅವರ ಭಾಷೆಗೆ ಮಾಡೋನು ಯಾರು? ನಾನು. 'ಮೂಲಕ್ಕೆ ನಿಷ್ಠವಾಗಿದೆ' ಅಂತ ಮುದ್ರೆ ಒತ್ತೋನೂ ನಾನೇ. ಅಲ್ಲಿ ನಮ್ಮ ಭಾಷೆ ಓದೋರು ಒಬ್ಬರಿಲ್ಲ, ಇಲ್ಲಿ ಸಹಿ, ಮುದ್ರೆ ಬಿಟ್ಟು ಬೇರೇನೂ ಓದೋರಿಲ್ಲ. ನೀನು ಹೊಡೆದು ಹಾಕಿದ ಪದವನ್ನೇ ನಾನು ಅನುವಾದ ಮಾಡಿ ಕಳಿಸಿದ್ರೆ ಯಾವ ನರಪಿಳ್ಳೆಗೆ ಗೊತ್ತಾಗುತ್ತೆ, ಹೇಳು? ಯೋಚನೆ ಮಾಡ್ಲಿಲ್ವಾ ಅದನ್ನ?

ಮಾಡಿದ್ದೀಯಾ. ಗೊತ್ತಿದ್ದೇ ಕೊಟ್ಟಿದ್ದೀಯಾ ನನ್ನ ಕೈಗೆ. ಹಾಗೆ ನೋಡ್ಬೇಡ್ವೇ... ನಂಬಿರೋರ ಹಾಗೆ ನೋಡ್ಬೇಡ, ಬೈದಿದ್ರೆ ಚೆನ್ನಾಗಿತ್ತು.

ಯಾರದು? ಜವಾನನಾ? ಹತ್ತು ನಿಮಿಷ ಹೊರಗೆ ಕೂತ್ಕೊಳ್ಳಪ್ಪಾ! ಇಲ್ಲ, ಸಹಿ ಆಗಿದೆ, ಅನುವಾದ ಆಗಿಲ್ಲ!

ನೋಡು, ಇನ್ನೊಂದು ತೊಡಕಿದೆ. 'ಸೋದರಮಾವ' ಅನ್ನೋಕೆ ಅವರ ಭಾಷೆಯಲ್ಲಿ ಪದವೇ ಇಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಮಾವ, ಅತ್ತೆಯ ಗಂಡ, ಎಲ್ಲರಿಗೂ ಸೇರಿ ಒಂದೇ ಪದ ಅವರಿಗೆ. ಅಷ್ಟೇ ಬರೆದ್ರೆ ಯಾರದೋ ಮನೆಯ ಯಾರೋ ಒಬ್ಬ ಅಂತಾಗುತ್ತೆ, ಯಾರು ಅಂತ ಯಾರೂ ಕೇಳಲ್ಲ. ಎಂಥಾ ಒಳ್ಳೇ ಅಡ್ಡಗೋಡೆ! ಸುಳ್ಳೂ ಅಲ್ಲ. ನಾನೂ ಉಳ್ಕೋತೀನಿ, ನೀನೂ ಉಳ್ಕೋತೀಯಾ, ನಿಮ್ಮಪ್ಪನ ಫ್ಯಾಕ್ಟರಿಯೂ...

ಸಾಲದು ಅಲ್ವಾ?

ಸಾಲದು. ಮೂಲದಲ್ಲಿ ಒಬ್ಬನೇ ಇದ್ದಾನೆ, ಅನುವಾದದಲ್ಲಿ ನಾಲ್ಕು ಜನ ಆಗ್ಬಾರದು. ನಾನೇ ಕಲಿಸಿದ್ದಲ್ವಾ ನಿನಗೆ, ಅವರಲ್ಲಿ ಪದ ಇಲ್ದಿದ್ರೆ ಬಿಡಿಸಿ ಹೇಳ್ಬೇಕು ಅಂತ... ಪಕ್ಕದಲ್ಲಿ ಹೆಸರೇ ಬರೀಬೇಕಾಗುತ್ತೆ. ಪೂರ್ತಿ ಹೆಸರು. ಆ ಪೆನ್ನು ಕೊಡಿಲ್ಲಿ.